ಕುಂಟೆಬಿಲ್ಲೆಯ ಕೀಬೋರ್ಡು

ನನಗೆ ಆಗ ಇಪ್ಪತ್ತಾರು ವರ್ಷ. ಕೋಪವನ್ನು ಮೂಗಿನ ತುದಿಯಲ್ಲೇ ಇಟ್ಟುಕೊಂಡು ದಿನಾ ಬೆಳಿಗ್ಗೆ ದೊಮ್ಮಲೂರಿನಲ್ಲಿ ಬಸ್ಸು ಹತ್ತುತ್ತಿದ್ದೆ. ಎರಡು ಸಾವಿರದ ಇಸವಿ ದಾಟಿದ ಹೊಸತು. ಬೆಂಗಳೂರಿನ ಪೂರ್ವ ಭಾಗದ ಸರ್ಕಾರಿ ಶಾಲೆಗಳಿಗೆ ಆಗಷ್ಟೇ ಕಂಪ್ಯೂಟರುಗಳು ಬಂದಿದ್ದವು. ಅವುಗಳಿಂದ ಪಾಠ ಮಾಡುವುದು ಹೇಗೆಂದು ಅಲ್ಲಿನ ಟೀಚರುಗಳಿಗೆ ಹೇಳಿಕೊಡುವುದು ನನ್ನ ಕೆಲಸ. ನಾನಾದರೂ ಶಿವಾಜಿನಗರದ ಒಂದು ಮಹಡಿಯ ಮೇಲಿನ ಕಂಪ್ಯೂಟರ್ ಕ್ಲಾಸಿನಲ್ಲಿ ಆರೇ ಆರು ತಿಂಗಳು ಕಲಿತವಳು. ಆರು ತಿಂಗಳು ಕಲಿತವರಿಗಿರುವ ಜಂಬ ಆರು ವರ್ಷ ಕಲಿತವರಿಗೆ ಇರುವುದಿಲ್ಲ.

ಹಲಸೂರಿನ ಒಂದು ಶಾಲೆಗೆ ಮೂರು ಕಂಪ್ಯೂಟರು ಬಂದಿದ್ದವು. ಅವುಗಳನ್ನು ನೋಡಿಕೊಳ್ಳಲು ಹೆಡ್‌ಮೇಡಂ ಆರಿಸಿದ್ದು ಹೊಲಿಗೆ ಟೀಚರನ್ನು. ಗಣಿತದವರೂ ವಿಜ್ಞಾನದವರೂ ಇರುವಾಗ ಇವರೇಕೆ ಎಂದು ಕೇಳಿದೆ.

"ಇಷ್ಟ್ ವರ್ಷ ಹೊಲಿಗೆ ಮೆಷಿನ್ ಒಂದಿನಾನೂ ಕೆಡದಂಗೆ ನೋಡ್ಕೊಂಡಿದ್ದಾರೆ ಕಣಮ್ಮ. ಇದೂ ಮೆಷಿನ್ನೇ ತಾನೆ?" ಎಂದರು ಹೆಡ್‌ಮೇಡಂ.

ಹೊಲಿಗೆ ಟೀಚರಿಗೆ ನಿವೃತ್ತಿಗೆ ಎರಡು ವರ್ಷ ಬಾಕಿಯಿತ್ತು. ದುಂಡಗೆ, ಮೆಲ್ಲಗೆ, ಯಾರು ಬೈದರೂ ನಗುವ ಹೆಂಗಸು. ಅಂಥವರನ್ನು ಕಂಡರೆ ನನಗೆ ಇನ್ನಷ್ಟು ಸಿಟ್ಟು. ಮೊದಲ ವಾರದಲ್ಲೇ ಅವರು ಮೂರೂ ಕಂಪ್ಯೂಟರುಗಳಿಗೆ ಅಂಚಿನಲ್ಲಿ ನೆರಿಗೆ ಹಿಡಿದ, ಗುಲಾಬಿ ಹೂ ಕಸೂತಿ ಹಾಕಿದ ಗವಸು ಹೊಲಿದರು. ಮೌಸಿಗೂ ಒಂದೊಂದು ಪುಟ್ಟ ಟೋಪಿ. ಕೋಣೆಗೆ ಬೀಗ. ಚಪ್ಪಲಿ ಹೊರಗೆ. ಅಷ್ಟೆಲ್ಲ ಆದಮೇಲೆ ಅವರು ಕುರ್ಚಿಯ ತುದಿಯಲ್ಲಿ ಕೂತು, "ನಾನ್ ಮುಟ್ಟಿದ್ರೆ ಏನೂ ಆಗಲ್ಲ ತಾನೆ ಮೇಡಂ?" ಎಂದು ಕೇಳುತ್ತಿದ್ದರು.

ಅರವತ್ತು ಮಕ್ಕಳಿಗೆ ಮೂರು ಕಂಪ್ಯೂಟರು ಎಲ್ಲಿಂದ ಸಾಕಾಗಬೇಕು? ಟೀಚರ್ ಅದಕ್ಕೊಂದು ಉಪಾಯ ಹೂಡಿದರು. ಶಾಲೆಯ ಜಗುಲಿಯ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದೊಂದು ಕೀಬೋರ್ಡು ಬರೆದು, ಒಂದೊಂದು ಇಂಗ್ಲಿಷ್ ಅಕ್ಷರಕ್ಕೂ ಒಂದೊಂದು ಮನೆ ಮಾಡಿ, ಮಕ್ಕಳನ್ನು ಕುಂಟೆಬಿಲ್ಲೆ ಆಡಲು ಬಿಟ್ಟರು. ಟೀಚರ್ ಒಂದು ಪದ ಕೂಗುವುದು, ಮಗು ಒಂಟಿಕಾಲಿನಲ್ಲಿ ಆ ಅಕ್ಷರಗಳ ಮೇಲೆ ಕುಂಟುತ್ತ ಹೋಗುವುದು. ಗೆರೆ ತುಳಿದರೆ ಔಟು.

ನಾನು ಅದನ್ನು ನೋಡಿದ್ದೇ ತಡ, ಉರಿದುಬಿದ್ದೆ. "ಕಂಪ್ಯೂಟರ್ ಒಳಗಿಟ್ಟು ಬೀಗ ಹಾಕಿ, ಹೊರಗೆ ಮಕ್ಕಳನ್ನ ಕುಂಟಿಸ್ತಾ ಇದ್ದೀರಲ್ಲ ಟೀಚರ್, ನಗಬೇಕೋ ಅಳಬೇಕೋ ನಾನು?"

"ನಗಿ ಮೇಡಂ, ಒಳ್ಳೇದು," ಎಂದರು.

ನಾನು ನಗಲಿಲ್ಲ. ಆ ತಿಂಗಳ ವರದಿಯಲ್ಲಿ, ಈ ಶಾಲೆಯಲ್ಲಿ ಕಂಪ್ಯೂಟರುಗಳಿಗೆ ಬಟ್ಟೆ ತೊಡಿಸುತ್ತಾರೆಯೇ ಹೊರತು ಬಳಸುವುದಿಲ್ಲ ಎಂದು ಬರೆದು ಕಳಿಸಿದೆ. ಬರೆದು ಮರೆತೂಬಿಟ್ಟೆ. ಮೇಲಿನವರು ಮರೆಯಲಿಲ್ಲ. ದಸರಾ ರಜೆ ಮುಗಿದ ಮೊದಲ ದಿನವೇ ಅಧಿಕಾರಿಯೊಬ್ಬರು ಬಂದು ನೋಡುತ್ತಾರೆ, ಮಕ್ಕಳಿಗೆ ಏನೂ ಬರುವುದಿಲ್ಲವೆಂದಾದರೆ ಮೂರೂ ಕಂಪ್ಯೂಟರುಗಳನ್ನು ಕೆ.ಆರ್. ಪುರದ ಶಾಲೆಗೆ ಕಳಿಸುತ್ತಾರೆ ಎಂದು ಕಾಗದ ಬಂತು. ಹೆಡ್‌ಮೇಡಂ ಅದನ್ನು ಓದಿದಾಗ ಹೊಲಿಗೆ ಟೀಚರ್ ಮೊದಲ ಸಲ ನಗಲಿಲ್ಲ.

"ಈ ಮಕ್ಳ ಅಪ್ಪ ಅಮ್ಮ ಇಂದಿರಾನಗರದಲ್ಲಿ ಮಣ್ಣು, ಇಟ್ಟಿಗೆ ಹೊರ್ತಾರೆ. ಇವಕ್ಕೆ ಕಂಪ್ಯೂಟರ್ ಇನ್ನೆಲ್ಲಿ ಸಿಗತ್ತೆ ಮೇಡಂ? ಹೋಗದಂಗೆ ಏನಾದ್ರೂ ಮಾಡಿ," ಎಂದು ನನ್ನ ಕೈ ಹಿಡಿದರು. ವರದಿ ಬರೆದವಳು ನಾನೇ ಎಂದು ಅವರಿಗೆ ಗೊತ್ತಿರಲಿಲ್ಲ. ಹೇಳುವ ಧೈರ್ಯ ನನಗೂ ಬರಲಿಲ್ಲ. ನಾಚಿಕೆಯಾಯಿತು.

ರಜೆ ಮುಗಿದ ದಿನ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಶಾಲೆಗೆ ಹೋದೆ. ಮಕ್ಕಳು ಆಗಲೇ ಬಂದು ಜಗುಲಿಯ ಮೇಲೆ ಹೊಸ ಕೀಬೋರ್ಡು ಬರೆದುಕೊಂಡು ಕುಂಟುತ್ತಿದ್ದರು. ಅಧಿಕಾರಿ ಇದನ್ನು ಕಂಡರೆ ಮಾನ ಹೋಯಿತೆಂದು ಒಂದು ಬಕೆಟ್ ನೀರು ಸುರಿದು ನಾನೇ ತೊಳೆದುಬಿಟ್ಟೆ. ಆಮೇಲೆ ಕೋಣೆಯ ಬೀಗ ತೆಗೆಸಿದೆ. ಆಯುಧಪೂಜೆಯ ಕುಂಕುಮ, ಬಾಡಿದ ಸೇವಂತಿಗೆ, ನಿಂಬೆಹಣ್ಣು, ಎಲ್ಲ ಇದ್ದವು. ಕಂಪ್ಯೂಟರು ಹಾಕಿ ಮೌಸು ಆಡಿಸಿದೆ. ಪರದೆಯ ಮೇಲಿನ ಬಾಣ ನಿಂತಲ್ಲೇ ನಿಂತಿತ್ತು. ಎರಡನೆಯದೂ ಹಾಗೆ, ಮೂರನೆಯದೂ ಹಾಗೆ. ಕೈ ಮಾತ್ರ ಜಿಡ್ಡು ಜಿಡ್ಡು.

ಆಗಿನ ಮೌಸಿನ ಹೊಟ್ಟೆಯಲ್ಲಿ ಗೋಲಿಗಿಂತ ದೊಡ್ಡದೊಂದು ರಬ್ಬರಿನ ಉಂಡೆ ಇರುತ್ತಿತ್ತು. ಅದು ಉರುಳಿದರೆ ಬಾಣ ಓಡಬೇಕು. ಮುಚ್ಚಳ ತೆಗೆದು ನೋಡಿದರೆ ಉಂಡೆ ಎಣ್ಣೆಯಲ್ಲಿ ಮುಳುಗಿದೆ.

"ಟೀಚರ್! ಇದಕ್ಕೆ ಏನ್ ಮಾಡಿದ್ರಿ?"

"ಆಯುಧಪೂಜೆಗೆ ಮೆಷಿನ್‌ಗೆಲ್ಲಾ ಎಣ್ಣೆ ಬಿಡೋದು ಪದ್ಧತಿ ಅಲ್ವಾ ಮೇಡಂ? ಪಾಪ, ಇವೂ ಓಡಾಡಿ ಓಡಾಡಿ ಬಿಗಿಯಾಗಿದ್ವು."

"ಎಷ್ಟ್ ಬಿಟ್ರಿ?"

"ಮನಸಾರೆ ಬಿಟ್ಟೆ."

ನಾನು ಕೂಗಾಡಿದೆ. ಅಷ್ಟರಲ್ಲಿ ಹೆಡ್‌ಮೇಡಂ ಬಂದು, ಎಣ್ಣೆಗೆ ಸೀಗೆಪುಡಿಯೇ ಮದ್ದು ಎಂದು ತೀರ್ಪು ಕೊಟ್ಟರು. ಎದುರಿನ ಅಂಗಡಿಯಿಂದ ಪೊಟ್ಟಣ ಬಂತು, ಬಿಸಿನೀರು ಬಂತು. ನಾವು ಮೂವರು ವಿದ್ಯಾವಂತ ಹೆಂಗಸರು ಸೆರಗು ಸಿಕ್ಕಿಸಿ ಕೂತು ಮೂರು ಮೌಸುಗಳಿಗೆ ಅಭ್ಯಂಜನ ಮಾಡಿಸಿದೆವು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು. ಒಳಗಿನ ಪುಟ್ಟ ಚಕ್ರಗಳಿಗೆಲ್ಲ ಸೀಗೆಪುಡಿ ಮೆತ್ತಿ, ಅಲುಗಾಡುವುದೂ ನಿಂತಿತು. ಉಂಡೆಗಳನ್ನು ಬಿಸಿಲಿಗೆ ಒಣಗಲು ಇಟ್ಟಿದ್ದೆವು. ಕಾಗೆಯೊಂದು ಬಂದು ಕುಕ್ಕಿ, ರುಚಿಸದೆ ಹಾರಿಹೋಯಿತು. ಆ ಹೊತ್ತಿಗೆ ಗೇಟಿನ ಹತ್ತಿರ ಜೀಪು ನಿಂತಿತು.

ನಾನು ಕೀಬೋರ್ಡಿನ ಗುಂಡಿಗಳನ್ನೇ ಒತ್ತಿ ಒತ್ತಿ, ಹೇಗೋ ಒಂದು ಕಂಪ್ಯೂಟರಿನಲ್ಲಿ ಬರೆಯುವ ಪುಟ ತೆರೆದಿಟ್ಟೆ. ಅಧಿಕಾರಿ ಬಂದವರೇ ಪರದೆಯ ನೆತ್ತಿಯ ಕುಂಕುಮ ನೋಡಿದರು, ಗವಸಿನ ಗುಲಾಬಿ ನೋಡಿದರು, ಬಕೆಟಿನಲ್ಲಿದ್ದ ಮೌಸು ನೋಡಿದರು. ಏನೂ ಕೇಳಲಿಲ್ಲ. ಕೇಳಿದ್ದರೇ ವಾಸಿಯಿತ್ತು.

"ಯಾರಾದ್ರೂ ಒಂದು ಮಗು ಬಂದು ತನ್ನ ಊರಿನ ಹೆಸರು ಟೈಪ್ ಮಾಡ್ಲಿ," ಎಂದರು.

ಹೊಲಿಗೆ ಟೀಚರ್ ಆರನೇ ಕ್ಲಾಸಿನ ಒಬ್ಬ ಹುಡುಗಿಯನ್ನು ಕರೆದರು. ಯಾದಗಿರಿ ಕಡೆಯಿಂದ ಬಂದವಳು, ಎರಡು ಜಡೆ, ಒಂದಕ್ಕೆ ಮಾತ್ರ ರಿಬ್ಬನ್. ಅವಳು ಕುರ್ಚಿಯಲ್ಲಿ ಕೂತು, ಎಡಗಾಲು ಮಡಚಿಕೊಂಡು, ಸೂರು ನೋಡತೊಡಗಿದಳು. ಮುಗಿಯಿತು ಕಥೆ ಎಂದುಕೊಂಡೆ. ಮೇಜಿನ ಕೆಳಗೆ ಅವಳ ಬಲಗಾಲಿನ ಹೆಬ್ಬೆರಳು ಟುಕ್ ಎಂದು ಒಂದು ಕಡೆ ಹಾರಿತು. ಕೈಬೆರಳು ಕೀಬೋರ್ಡಿನ ಮೇಲೆ ಬಿತ್ತು. ಮತ್ತೆ ಕಾಲು ಟುಕ್, ಮತ್ತೆ ಬೆರಳು. ಒಮ್ಮೆಯೂ ಕೆಳಗೆ ನೋಡದೆ ಇಡೀ ಊರು ಬರೆದಳು. ಆಮೇಲೆ ಜಿಲ್ಲೆ, ರಾಜ್ಯ, ದೇಶ. ನಿಲ್ಲಿಸು ಎನ್ನದಿದ್ದರೆ ಲೋಕವನ್ನೂ ಬರೆಯುತ್ತಿದ್ದಳು.

ಅಧಿಕಾರಿ ಬಗ್ಗಿ ಮೇಜಿನ ಕೆಳಗೆ ನೋಡಿದರು. "ಕಾಲ್ ಯಾಕಮ್ಮ ಆಡಿಸ್ತೀಯ?"

"ಕಾಲ್ ಮೊದ್ಲ ಹೋಗ್ತದ್ರಿ ಸರ. ಕೈ ಅದ್ರ ಹಿಂದ ಬರ್ತದ."

ಟೀಚರ್ ಕುಂಟೆಬಿಲ್ಲೆಯ ವಿಷಯ ಹೇಳಿದರು. ಅಧಿಕಾರಿ ಎದ್ದೇಬಿಟ್ಟರು. "ನಮ್ಮಾಫೀಸಲ್ಲಿ ದೊಡ್ಡೋರೇ ಇನ್ನೂ ಒಂದೊಂದ್ ಅಕ್ಷರ ಹುಡುಕ್ತಾರೆ ಕಣ್ರೀ. ಎಲ್ಲಿದೆ ಅದು? ತೋರ್ಸಿ."

ಜಗುಲಿ ತೊಳೆದು ಫಳಫಳ ಹೊಳೆಯುತ್ತಿತ್ತು. ಹೊಲಿಗೆ ಟೀಚರ್ ನನ್ನ ಮುಖ ನೋಡಿದರು, ಒದ್ದೆ ನೆಲ ನೋಡಿದರು, ಅವರಿಗೆ ಎಲ್ಲ ಅರ್ಥವಾಯಿತು. "ಹಬ್ಬ ಅಂತ ತೊಳೆಸಿದ್ವಿ ಸರ್. ಈಗ್ಲೇ ಬರ್ದ್ಬಿಡ್ತಾರೆ, ನಮ್ ಕಂಪ್ಯೂಟರ್ ಮೇಡಂ ಇದ್ದಾರಲ್ಲ," ಎಂದು ನನ್ನ ಕೈಗೆ ಸೀಮೆಸುಣ್ಣ ಕೊಟ್ಟರು. ನನ್ನ ಮರ್ಯಾದೆ ಉಳಿಸಲೆಂದೇ ಕೊಟ್ಟರು. ಅದರಲ್ಲಿ ಕುಚೋದ್ಯವೇನೂ ಇರಲಿಲ್ಲ.

ಮೊದಲ ಐದು ಮನೆ ಬರೆದೆ. ಆರನೆಯದಕ್ಕೆ ಕೈ ನಿಂತಿತು. ಗುಂಡಿ ನೋಡದೆ ನಾನು ಒಂದು ದಿನವೂ ಟೈಪು ಮಾಡಿದವಳಲ್ಲ. ಆರು ತಿಂಗಳ ಜಂಬವೆಲ್ಲ ಆ ಒದ್ದೆ ನೆಲದ ಮೇಲೆ ಕೂತುಬಿಟ್ಟಿತು.

"ಮುಂದ ವೈ ರೀ ಮೇಡಂ," ಎಂದಳು ಯಾದಗಿರಿಯ ಹುಡುಗಿ, ನನಗಷ್ಟೇ ಕೇಳುವಂತೆ. ಒಂದೊಂದೇ ಅಕ್ಷರವನ್ನು ಅವಳು ಪಿಸುಗುಟ್ಟಿದಳು, ನಾನು ಬರೆದೆ.

ಅಧಿಕಾರಿ ಹೊರಡುವಾಗ, ಕಂಪ್ಯೂಟರು ಎಲ್ಲಿಗೂ ಹೋಗುವುದಿಲ್ಲ ಎಂದರು. "ಮೌಸ್ ಹೊಸದು ಕಳಿಸ್ತೀವಿ. ಎಣ್ಣೆ ಮಾತ್ರ ಬೇಡ." ಹೊಲಿಗೆ ಟೀಚರ್ ಜೋರಾಗಿ ನಕ್ಕರು. ಕಣ್ಣೊರೆಸಿಕೊಂಡರು ಕೂಡ.

ಜೀಪು ಹೋದಮೇಲೆ ಅವರ ಹತ್ತಿರ ಹೋಗಿ ಹೇಳಿದೆ, ವರದಿ ಬರೆದವಳು ನಾನೇ ಎಂದು. ಅವರು ಮಕ್ಕಳ ಕಡೆ ತಿರುಗಿ, "ಈಗ ಮೇಡಂ ಕುಂಟ್ತಾರೆ, ಪದ ಹೇಳ್ರೋ!" ಎಂದು ಕೂಗಿದರು.

ಸೆರಗು ಸಿಕ್ಕಿಸಿ ಒಂಟಿಕಾಲಿನಲ್ಲಿ ನಿಂತೆ. ಮಕ್ಕಳು ಹಲಸೂರು ಎಂದು ಕೂಗಿದರು. ಮೊದಲ ಅಕ್ಷರಕ್ಕೇ ಓಲಾಡಿದೆ. ನೆಲ ಜಾರುತ್ತದೆ ಎಂದೆ; ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

"ಗೆರಿ ತುಳದ್ರಿ ಮೇಡಂ," ಎಂದಳು ಹುಡುಗಿ. "ಔಟ್ ರೀ. ಹಿಂದ ಹೋಗಿ ನಿಂದರ್ರಿ, ಮತ್ತ ನಿಮ್ಮ ಪಾಳಿ ಬರ್ತದ."

ಹೋಗಿ ಸಾಲಿನ ಕೊನೆಯಲ್ಲಿ ನಿಂತೆ.