ತಾರೆ ಮರದ ಬಾಣಂತಿ

ನೆಲದ ಮೇಲೆ ಬಿಸಿಲೇ ಬೀಳದ ಊರನ್ನು ನೀವು ನೋಡಿದ್ದೀರಾ? ಸಿಂದಗಿಯಿಂದ ಗಣೇಶಗುಡಿಗೆ ಬಂದ ಮೊದಲ ವಾರ, ಒಗೆದ ಸೀರೆ ಹಿಡಿದು ಬಿಸಿಲು ಹುಡುಕುತ್ತ ಕ್ವಾರ್ಟರ್ಸಿನ ಸುತ್ತ ತಿರುಗಿದವಳು ನಾನು. ನಮ್ಮ ಕಡೆ ನಿಂತಲ್ಲಿಂದಲೇ ಮೂರು ಊರು ಕಾಣುತ್ತವೆ. ಇಲ್ಲಿ ಹಿತ್ತಿಲಾಚೆ ಮರ, ಮರದಾಚೆ ಮರ. ಸೂಪಾದಲ್ಲಿ ಆಗ ಅಣೆಕಟ್ಟು ಏಳುತ್ತಿತ್ತು. ನಮ್ಮ ಮನೆಯವರು ಫಾರೆಸ್ಟ್ ಗಾರ್ಡ್.

ಊರಿಂದ ತಂದ ಜೋಳದ ಹಿಟ್ಟು ತಂಪಿಗೆ ಮುಗ್ಗಲು ಹಿಡಿಯಿತು. ಪಕ್ಕದ ಸಿದ್ದಿ ಮನೆಯ ಮರಿಯಾಬಾಯಿ ಪೇಜ ಮಾಡುವುದನ್ನು ಕಲಿಸಿದಳು. ಪೇಜ ಎಂದರೆ ಕೊಂಕಣಿಯಲ್ಲಿ ಗಂಜಿ.

"ರೊಟ್ಟಿ ಬಡದು ಬಡದು ಕೈ ಯಾಕ ನೋಯಿಸ್ಕೋತೀರಿ? ಇದನ್ನ ಕುಡದು ಸುಮ್ಕ ಕುಂದರ್ರಿ ಅಕ್ಕಾರ" ಎಂದು ನಕ್ಕಳು. ನನಗೋ, ನೆರೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಕೇಳಬೇಕೆನಿಸಿ ಅಳು ಬಂತು.

ಎರಡನೆಯ ವರ್ಷ ಹಿತ್ತಿಲಾಚೆಯ ಕಾಡು ಕೂಪಿಗೆ ಬಂತು. ಕೂಪು ಎಂದರೆ ಕಡಿಯಲು ಗುರುತಿಸಿದ ಕಾಡಿನ ತುಂಡು. ಹತ್ತಾರು ಬಗೆಯ ಮರ ತೆಗೆದು ಸಾಗವಾನಿಯೊಂದನ್ನೇ ಸಾಲಾಗಿ ನೆಡುವುದು. ಕಡಿಯುವ ಮರಕ್ಕೆ ಮುದ್ರೆಯ ಸುತ್ತಿಗೆಯಿಂದ ಒಂದು ಪೆಟ್ಟು. ಮನೆಯ ಹಿಂದಿನ ಹಳೆಯ ತಾರೆ ಮರ ಟೊಳ್ಳು, ಯಾತಕ್ಕೂ ಬಾರದ್ದೆಂದು ಇವರು ಬಿಟ್ಟು ಬಂದಿದ್ದರು. ನಾನು ಬಿಡಲಿಲ್ಲ.

"ಮನಿ ಮ್ಯಾಲೆ ಬಿದ್ರ ಏನ್ ಮಾಡ್ತೀರಿ? ಅದಕ್ಕೂ ಒಂದ್ ಪೆಟ್ಟು ಹಾಕ್ರಿ. ಒಲಿಗಾದ್ರೂ ಆಗ್ತೈತಿ."

ನಮ್ಮ ಕಡೆ ಒಣಗಿದ, ಟೊಳ್ಳಾದ ಮರ ಹಾಗೇ ನಿಂತಿದ್ದರೆ ಆ ಮನೆಯ ಹೆಂಗಸು ಸೋಮಾರಿ ಎನ್ನುತ್ತಾರಲ್ಲವೇ?

ಮುದ್ರೆ ಕಂಡು ಮರಿಯಾಬಾಯಿ ಓಡಿ ಬಂದಳು. "ಏನ್ ಮಾಡಿಸಿದ್ರಿ ಅಕ್ಕಾರ! ಒಳಗ ಬಾಣಂತಿ ಅದಾಳ್ರೀ!"

ಕೈಹಿಡಿದು ತೋರಿಸಿದಳು. ಪೊಟರೆಯ ಬಾಯಿಗೆ ಮೆತ್ತಿದ ಮಣ್ಣಿನ ಬಾಗಿಲು, ನಡುವೆ ಬೆರಳಗಲದ ಸೀಳು. ಮಂಗಟ್ಟೆ ಹಕ್ಕಿಯ ಹೆಣ್ಣು ತನ್ನನ್ನೇ ಒಳಗೆ ಮುಚ್ಚಿಕೊಂಡು ಮೊಟ್ಟೆಗೆ ಕೂತಿತ್ತು. ನಾವು ನೋಡುತ್ತಿದ್ದಂತೆ ಗಂಡು ಬಂದು, ಗಂಟಲಿನಿಂದ ಬಸರಿ ಹಣ್ಣು ಒಂದೊಂದೇ ತೆಗೆದು ಸೀಳಿನೊಳಗೆ ಕೊಟ್ಟಿತು.

ಇವರಿಗೆ ಹೇಳಿದರೆ, "ಹೊಡದ ಮುದ್ರಿ ಅಳಸಾಕ ಬರೂದಿಲ್ಲ" ಎಂದರು. ಗರಗಸದವರ ಮೇಸ್ತ್ರಿಯನ್ನೇ ಬೇಡಿಕೊಂಡೆ.

"ಹಕ್ಕಿ ಹಡದ್ರ ನಮಗೂ ರಜಾ ಏನ್ರೀ ಬಾಯಾರ?" ಎಂದು ಚೇಷ್ಟೆ ಮಾಡಿದ. ಆದರೂ ಆ ಮರವನ್ನು ಕಟ್ಟಕಡೆಗೆ, ಮಳೆ ಹಿಡಿಯುವ ಹೊತ್ತಿಗೆ ಕಡಿಯಲು ಒಪ್ಪಿದ. ಅಷ್ಟರಲ್ಲಿ ಮರಿ ಹಾರಿರುತ್ತದೆ, ಗೆದ್ದೆನೆಂದು ಮರಿಯಾಬಾಯಿಯ ಮಡಿಲಿಗೆ ಹುರಿದ ಶೇಂಗಾ ಸುರಿದೆ.

ಕೂಪಿನೊಳಗಿನ ಬಸರಿ ಮರಗಳ ನೆನಪು ನನಗೆ ಬರಲೇ ಇಲ್ಲ. ಅವೂ ಬಿದ್ದವು. ಗಂಡು ಹೊಳೆಯಾಚೆಯಿಂದ ಹಣ್ಣು ತರತೊಡಗಿತು. ನಾನು ಪಾತ್ರೆ ತೊಳೆದು ಮುಗಿಸುವಷ್ಟರಲ್ಲಿ ಎರಡು ಸಲ ಬರುತ್ತಿದ್ದುದು, ಮಧ್ಯಾಹ್ನಕ್ಕೊಮ್ಮೆ ಮಾತ್ರ ಬರತೊಡಗಿತು. ಆಮೇಲೆ ಅದೂ ಇಲ್ಲ. ಒಂದು ಬೆಳಿಗ್ಗೆ ಮಣ್ಣಿನ ಬಾಗಿಲು ಒಡೆದಿತ್ತು. ತಾಯಿ ಹಾರಿಹೋಗಿತ್ತು. ಮರದ ಬುಡದಲ್ಲಿ ಪುಕ್ಕ ಬಾರದ ಮರಿ ಸತ್ತು ಬಿದ್ದಿತ್ತು.

"ಮನಿ ಉಳಸಿದ್ರಿ ಅಕ್ಕಾರ, ಅನ್ನ ಉಳಸ್ಲಿಲ್ಲ" ಎಂದಳು ಮರಿಯಾಬಾಯಿ. ಬೈದಿದ್ದರೆ ಚೆನ್ನಾಗಿತ್ತು. ಅದೇ ವಾರ ಮರವೂ ಉರುಳಿತು.

ಈಗ ಅಲ್ಲಿ ಸಾಗವಾನಿ ತಲೆ ಮೀರಿ ಬೆಳೆದಿದೆ. ಎಲ್ಲ ಒಂದೇ ಎಲೆ, ಒಂದೇ ಎತ್ತರ. ಮಂಗಟ್ಟೆಗಳು ಮೇಲಿನಿಂದಲೇ ದಾಟಿ ಹೋಗುತ್ತವೆ.

ಕಳೆದ ಬೇಸಿಗೆ ಸಿಂದಗಿಗೆ ಹೋದಾಗ ಅಣ್ಣ ಹೊಲದ ಬದುವಿನ ಒಣ ಬೇವಿಗೆ ಕೊಡಲಿ ಎತ್ತಿದ್ದ. "ತಡಿ, ಒಳಗ ಯಾರರ ಅದಾರೇನ್ ನೋಡಿದ್ಯಾ?" ಎಂದೆ.

"ನಮ್ಮ ತಂಗಿ ಕಾಡಿನಾಕಿ ಆಗಿ ಬಂದಾಳ್ರೆಪಾ!" ಎಂದು ನಕ್ಕ. ಒಳಗೊಳಗೇ ಹಿಗ್ಗಿದೆ.

ಗಣೇಶಗುಡಿಗೆ ಮರಳಿದರೆ, ಮರಿಯಾಬಾಯಿ ಇಂದಿಗೂ ನನ್ನನ್ನು "ಬಯಲಸೀಮಿ ಅಕ್ಕಾರು" ಎನ್ನುತ್ತಾಳೆ. ತಿದ್ದಲು ನಾಲಿಗೆ ಏಳುವುದಿಲ್ಲ. ಆ ಮರಕ್ಕೆ ಪೆಟ್ಟು ಹಾಕಿಸಿದವಳು ನಾನೇ.