ಪಿಯಾನೊಗೆ ಹಾಕಿದ ಏಸಿ

ಏಪ್ರಿಲ್ ಮುಗಿಯುವ ಹೊತ್ತಿಗೆ ಆರ್ಡಿತ್‌ಳ ಫ್ರಿಜ್ಜಿನ ಬಾಗಿಲು ಹಾಕಬೇಕಾದರೆ ಮೊಣಕಾಲು ಕೊಟ್ಟು ಒತ್ತಬೇಕಾಗುತ್ತಿತ್ತು. ಚಳಿಗಾಲ ಕಳೆಯಲು ಅರಿಜೋನಾಕ್ಕೆ ಬಂದ ಮುದುಕ ಮುದುಕಿಯರು ಬಿಸಿಲು ಏರುವ ಮುಂಚೆ ಉತ್ತರದ ತಮ್ಮ ಊರುಗಳಿಗೆ ಗಂಟುಮೂಟೆ ಕಟ್ಟುವರು. ಹೊರಡುವ ಬೆಳಿಗ್ಗೆ ಅರ್ಧ ಮುಗಿದ ಸಾಸಿವೆ ಬಾಟಲಿ, ತಳ ಹಿಡಿದ ಜಾಮು, ಕೆಚಪ್ಪು ಎಲ್ಲ ತಂದು ಅವಳ ಮೆಟ್ಟಿಲ ಮೇಲಿಟ್ಟು "ನಿನಗಿರಲಿ" ಅನ್ನುವರು. ಎಸೆಯಲು ಮನಸ್ಸಿಲ್ಲದ್ದಕ್ಕೆ ದಾನ ಅಂತ ಹೆಸರು ಬೇರೆ! ಸಾಸಿವೆ ತಿಂದೇ ಬದುಕುವ ಪ್ರಾಣಿಯೇನಾದರೂ ಇದ್ದರೆ ಆ ಬೀದಿಯಲ್ಲಿ ರಾಜನ ಹಾಗೆ ಇರಬಹುದಿತ್ತು.

ಆರ್ಡಿತ್ ಮಾತ್ರ ಎಲ್ಲಿಗೂ ಹೋಗುವವಳಲ್ಲ. ನೆಬ್ರಾಸ್ಕಾದಲ್ಲಿ ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದವಳು. ಗಂಡ ಮರ್ಲ್‌ನ ಮಂಡಿನೋವಿಗೆ ಬೆಚ್ಚಗಿನ ಹವೆ ಒಳ್ಳೆಯದೆಂದು ಅಲ್ಲಿಯ ಮನೆ ಮಾರಿ, ಇಲ್ಲಿ ವಯಸ್ಸಾದವರಿಗೆಂದೇ ಇರುವ ಬಡಾವಣೆಯಲ್ಲಿ ತಗಡಿನ ಟ್ರೇಲರ್ ಮನೆ ಕೊಂಡಿದ್ದರು. ಮನೆ ತಮ್ಮದು, ಅದರಡಿಯ ಮಣ್ಣು ಇನ್ನೊಬ್ಬರದು. ಮಣ್ಣಿಗೆ ತಿಂಗಳು ತಿಂಗಳು ಬಾಡಿಗೆ. ಮರ್ಲ್ ತೀರಿಕೊಂಡ ಮೇಲೆ ಪಿಂಚಣಿ ಸಾಲದೆ, ಬೇಸಿಗೆಯಲ್ಲಿ ಬೀಗ ಬಿದ್ದ ಮನೆಗಳನ್ನು ನೋಡಿಕೊಳ್ಳುವ ಕೆಲಸ ಹಿಡಿದಳು. ವಾರಕ್ಕೊಮ್ಮೆ ಹೋಗಿ ನಲ್ಲಿ ಬಿಟ್ಟು, ಕಕ್ಕಸಿಗೆ ನೀರು ಹಾಯಿಸಿ ಬರಬೇಕು. ಇಲ್ಲದಿದ್ದರೆ ಕೊಳವೆಯ ನೀರು ಆರಿ, ಜಿರಳೆಯ ಹಿಂದೆ ಚೇಳೂ ಹತ್ತಿ ಬರುತ್ತದೆ.

ಅವಳದೊಂದು ನೇಮವಿತ್ತು. ಇನ್ನೊಬ್ಬರ ಮನೆಯಲ್ಲಿ ಕೂರಬಾರದು. ಹನ್ನೊಂದು ವರ್ಷದಲ್ಲಿ ಒಂದು ಕುರ್ಚಿಗೂ ಅವಳ ಭಾರ ಬಿದ್ದಿರಲಿಲ್ಲ.

ಬೀದಿಯ ಕೊನೆಯ ಮನೆ ಲವಾನ್‌ಳದು. ಪಿಯಾನೊ ಮೇಡಂ, ಉತ್ತರ ಡಕೋಟಾದವಳು, ಎಂಬತ್ತು ದಾಟಿದ್ದಾಳೆ. ಮಿಕ್ಕವರು ಮೇಣದಬತ್ತಿ ಕರಗದಷ್ಟು ಏಸಿ ಇಟ್ಟು ಹೋದರೆ, ಈಕೆ ಮಾತ್ರ ಪಿಯಾನೊದ ಮರ ಬಿರಿಯಬಾರದೆಂದು ಬೇಸಿಗೆಯುದ್ದಕ್ಕೂ ಮನೆಯನ್ನು ತಣ್ಣಗಿರಿಸುವಳು.

ಜುಲೈಯಲ್ಲಿ ಆರ್ಡಿತ್‌ಳ ಏಸಿ ಕೆಟ್ಟಿತು. ರಿಪೇರಿಯ ಎಫ್ರೇನ್ ಛಾವಣಿಯಿಂದ ಇಳಿದು ಬೆವರು ಒರೆಸಿಕೊಂಡ.

"ಇದರ ಆಯಸ್ಸು ಮುಗೀತು ಸೆನ್ಯೋರಾ. ಹೊಸದೇ ಹಾಕಿಸ್ಬೇಕು. ಎಂಟು ಸಾವಿರ ಡಾಲರ್."

"ಎಂಟು ಸಾವಿರಕ್ಕೆ ನನ್ನ ಮನೇನೇ ಬರುತ್ತಲ್ಲೋ!"

"ಹಾಗಾದ್ರೆ ಮನೆ ಮಾರಿ ಏಸಿ ಹಾಕಿಸ್ಕೊಳ್ಳಿ," ಎಂದು ನಕ್ಕು, ನೋಡಿದ್ದಕ್ಕೆ ದುಡ್ಡೂ ತೆಗೆದುಕೊಳ್ಳದೆ ಹೋದ.

ಇದನ್ನು ಟ್ರೂಡಿಗೆ ಹೇಳುವ ಹಾಗಿರಲಿಲ್ಲ. ಟ್ರೂಡಿ ತಂಗಿಯ ಮಗಳು, ಪಕ್ಕದ ಊರು ಮೇಸಾದಲ್ಲಿದ್ದಾಳೆ. ಹೋದ ವರ್ಷ ಆರ್ಡಿತ್ ಸೆಕೆಗೆ ತಲೆತಿರುಗಿ ಬಿದ್ದಾಗ ಆಸ್ಪತ್ರೆಯ ಮಂಚದ ಪಕ್ಕದಲ್ಲೇ ಮಾತು ತೆಗೆದುಕೊಂಡಿದ್ದಳು: "ಮುಂದಿನ ಸಲ ಏಸಿ ಕೆಟ್ರೆ ನೀವು ಆ ಮನೇಲಿರಲ್ಲ ದೊಡ್ಡಮ್ಮ." ಅಂದಿನಿಂದ ಭಾನುವಾರ ಭಾನುವಾರ ವೃದ್ಧಾಶ್ರಮಗಳ ಬಣ್ಣದ ಕಾಗದ ಹಿಡಿದು ಬರುವಳು. ಏಸಿ ಕೆಡುವ ಹಿಂದಿನ ಭಾನುವಾರವೂ ಬಂದಿದ್ದಳು.

"ಇಲ್ಲಿ ರೂಮು, ಊಟ ಸೇರಿ ತಿಂಗಳಿಗೆ ಮೂರೂವರೆ ಸಾವಿರ. ಸ್ನಾನ, ಮಾತ್ರೆ ಎಲ್ಲಾ ಅವರೇ ನೋಡ್ಕೊಂಡ್ರೆ ಐದೂವರೆ. ಮರೆವಿನ ಕಾಯಿಲೆಯವರಿಗೆ ಏಳು."

"ಮರೆತದ್ದಕ್ಕೂ ದುಡ್ಡು ಜಾಸ್ತಿನಾ? ಕೊಟ್ಟಿದ್ದೀನೋ ಇಲ್ವೋ ಅಂತ ಅವರಿಗೆ ನೆನಪೇ ಇರಲ್ಲ, ಎರಡೆರಡು ಸಲ ವಸೂಲಿ ಮಾಡ್ಬಹುದು."

"ತಮಾಷೆ ಸಾಕು ದೊಡ್ಡಮ್ಮ. ಚರ್ಚಿನವರದ್ದೂ ಒಂದಿದೆ. ಪಿಂಚಣಿ ನೋಡಿ ಬಾಡಿಗೆ ಹಾಕ್ತಾರೆ. ಎರಡು ವರ್ಷದ ಹಿಂದೆ ನಿಮ್ಮ ಹೆಸರು ಬರೆಸಿದ್ದೆ, ಸರದಿ ಬಂದಿದೆ. ಸೆಪ್ಟೆಂಬರ್ ಮುಗಿಯೋದ್ರೊಳಗೆ ಹೂಂ ಅನ್ಬೇಕು."

ಆರ್ಡಿತ್ ಉಹೂಂ ಅಂದಳು. ಮೂವತ್ತು ವರ್ಷ ಸ್ಟೀರಿಂಗ್ ಹಿಡಿದವಳಿಗೆ ಯಾರೋ ಕರೆದಾಗ ಎದ್ದು, ಯಾರೋ ಬಡಿಸಿದಾಗ ಉಣ್ಣುವುದೆಂದರೆ ಮೈಯೆಲ್ಲ ಉರಿ. ಏಸಿ ಕೆಟ್ಟ ಮೇಲೆ ಟ್ರೂಡಿಯನ್ನು ಮನೆಗೆ ಕರೆಯುವುದನ್ನೇ ಬಿಟ್ಟು, ಪ್ಯಾನ್‌ಕೇಕ್ ಅಂಗಡಿಗೆ ಬಾ ಎನ್ನತೊಡಗಿದಳು.

ಹಟಕ್ಕೇನೋ ಮಿತಿಯಿಲ್ಲ, ತಗಡಿಗೆ ಇದೆ. ಮಧ್ಯಾಹ್ನ ಮನೆಯೊಳಗೆ ನಿಂತರೆ ಉಸಿರೇ ಸುಡುತ್ತಿತ್ತು. ಒಂದು ದಿನ ಲವಾನ್‌ಳ ಮನೆಗೆ ನೀರು ಬಿಡಲು ಹೋದವಳು, ನೇಮ ಮುರಿದು ಪಿಯಾನೊದ ಬೆಂಚಿನ ಮೇಲೆ ಕೂತುಬಿಟ್ಟಳು. ಮರದ ಪೆಟ್ಟಿಗೆಗೆ ಇರುವ ಭಾಗ್ಯ ಮನುಷ್ಯಳಿಗಿಲ್ಲವಲ್ಲ ಎಂದು ಅವಳಿಗೆ ಸಿಟ್ಟೇ ಬಂತು. ಮರುದಿನ ಬೆಳಿಗ್ಗೆಯೇ ಬಂದಳು. ಅದರ ಮರುದಿನವೂ. ಕತ್ತಲಾದ ಮೇಲೆ ಹಸಿ ಬೆಡ್‌ಶೀಟು ಹೊದ್ದು ತನ್ನ ಮನೆಯಲ್ಲೇ ಮಲಗುವಳು.

ವಾರ ಕಳೆದಿರಬೇಕು, ಮೊಬೈಲ್ ಬಡಿದುಕೊಂಡಿತು. ಲವಾನ್.

"ಆರ್ಡಿತ್, ಎಲ್ಲಿದ್ದೀಯ?"

"ನಿಮ್ಮನೇಲೇ. ನಲ್ಲಿ ಬಿಡ್ತಾ ಇದ್ದೆ."

"ಬೆಳಿಗ್ಗೆಯಿಂದಾನಾ? ಬಾಗಿಲು ತೆಗೆದದ್ದು, ಹಾಕಿದ್ದು ಎಲ್ಲಾ ನನ್ನ ಮಗನ ಫೋನಿಗೆ ಬರುತ್ತೆ ಕಣೆ. ದಿನಾ ಬಂದು ಸಂಜೆವರೆಗೂ ಇರ್ತೀಯಂತೆ. ಟ್ರೂಡಿಗೆ ಫೋನ್ ಮಾಡಿ ಕೇಳ್ತೀನಿ, ಕೆಲಸದಿಂದ ಬಿಡಿಸ್ತೀನಿ ಅಂತ ಕುಣೀತಿದಾನೆ. ಏನು ಹೇಳ್ಲಿ ಅವನಿಗೆ?"

ಅತ್ತ ದರಿ, ಇತ್ತ ಪುಲಿ. ನಿಜ ಹೇಳಿದರೆ ಟ್ರೂಡಿಯ ಕಿವಿಗೆ ಬಿದ್ದು ಮನೆ ಹೋಗುತ್ತದೆ, ಸುಮ್ಮನಿದ್ದರೆ ಇಷ್ಟು ವರ್ಷ ಗಳಿಸಿದ ಹೆಸರು ಹೋಗುತ್ತದೆ. ಆರ್ಡಿತ್ ಬಾಯಿಗೆ ಬಂದದ್ದು ಹೇಳಿದಳು.

"ಪಿಯಾನೊ ಕಲೀತಾ ಇದೀನಿ."

"ಎಪ್ಪತ್ತೊಂಬತ್ತಕ್ಕಾ?"

"ಯಾಕೆ, ಬೇಡ ಅಂತ ಕಾನೂನಿದೆಯಾ?"

"ಇಲ್ಲಪ್ಪ. ನುಡಿಸು, ಕೇಳೋಣ."

ಆರ್ಡಿತ್ ಮುಚ್ಚಳ ತೆಗೆದು, ಎರಡೂ ತೋರುಬೆರಳಲ್ಲಿ ಬಸ್ಸಿನ ಹಾರನ್ ಒತ್ತಿದ ಹಾಗೆ ಒತ್ತಿದಳು.

"ಅಯ್ಯೋ ದೇವರೇ!" ಎಂದಳು ಲವಾನ್. "ಎಷ್ಟೋ ಮೊದ್ದು ಮಕ್ಕಳಿಗೆ ಹೇಳ್ಕೊಟ್ಟಿದ್ದೀನಿ. ಇಂಥದ್ದನ್ನ ನನ್ನ ಕಿವಿ ಕೇಳಿರ್ಲಿಲ್ಲ." ಆಮೇಲೆ ದನಿ ಇಳಿಸಿದಳು. "ನಿನ್ನ ಏಸಿ ಕೆಟ್ಟು ಎಷ್ಟು ದಿನ ಆಯ್ತು?"

ಮರ್ಲ್‌ನನ್ನು ಮಣ್ಣು ಮಾಡುವಾಗಲೂ ಜನರೆದುರು ಅಳದ ಹೆಂಗಸು ಫೋನ್ ಹಿಡಿದು ಅತ್ತಳು. ಲವಾನ್ ತಡೆಯಲಿಲ್ಲ.

"ನಾನೂ ಮನೇಲಿಲ್ಲ ಕಣೆ," ಎಂದಳು ಕಡೆಗೆ. "ಮೇ ತಿಂಗಳಲ್ಲೇ ಮಗ ಇಲ್ಲೊಂದು ಕಡೆ ಸೇರಿಸಿದ. ತಿಂಗಳಿಗೆ ಆರು ಸಾವಿರ. ಕಿಟಕಿ ತೆಗೆಯೋಕೆ ಬರಲ್ಲ. ನವೆಂಬರಿಗೆ ಪಿಯಾನೊ ಹತ್ರ ಹೋಗ್ತೀನಿ ಅಂತ ಸುಳ್ಳು ಹೇಳಿ ಆ ಮನೆ ಮಾರದ ಹಾಗೆ ನೋಡ್ಕೊಂಡಿದ್ದೀನಿ. ಶಿಷ್ಯೆ ಒಬ್ಬಳು ಸಿಕ್ಕಿದ್ದಾಳೆ ಅಂತ ಅವನಿಗೆ ಹೇಳ್ತೀನಿ. ದಿನಾ ಒಂದು ಗಂಟೆಗೆ ಪಾಠ, ಮಿಕ್ಕ ಹೊತ್ತು ಅಭ್ಯಾಸ. ಆದರೆ ನಿಜವಾಗಿ ಕಲೀಬೇಕು. ನನ್ನ ಕಿವಿ ಸುಳ್ಳು ಸಹಿಸಲ್ಲ."

ಹೀಗೆ ಪಾಠ ಶುರುವಾಯಿತು. ಫೋನು ಪಿಯಾನೊದ ಮೇಲೆ, ಬೈಗುಳ ಫೋನಿನೊಳಗೆ. "ಮಣಿಕಟ್ಟು ಎತ್ತು! ಅದೇನು ರೊಟ್ಟಿ ಹಿಟ್ಟಾ ನಾದೋಕೆ?" "ಎಡಗೈ ನಿದ್ದೆ ಮಾಡ್ತಿದೆ, ಎಬ್ಬಿಸು." ಆರ್ಡಿತ್ ಗೊಣಗುವಳು, ಬೈಯುವಳು, ಮತ್ತೆ ನುಡಿಸುವಳು. ಆಗಸ್ಟ್ ಕಳೆಯುವಾಗ ಒಂದು ಸಣ್ಣ ಹಾಡಿನ ಅರ್ಧ ದಾರಿಯವರೆಗೆ ಎರಡೂ ಕೈ ಜೊತೆಯಾಗಿ ಹೋಗುವಷ್ಟು ಪಳಗಿದವು. ತಾನು ತಂಪಿಗೆಂದು ಬರುತ್ತಿದ್ದೇನೆ ಎಂಬುದು ಅವಳಿಗೆ ಒಮ್ಮೊಮ್ಮೆ ಮರೆತೇ ಹೋಗುತ್ತಿತ್ತು.

ಸೆಪ್ಟೆಂಬರಿನ ಒಂದು ಗುರುವಾರ ಪಾಠದ ಹೊತ್ತಿಗೆ ಲವಾನ್ ಬೈಯಲಿಲ್ಲ.

"ಮನೆ ಮಾರಾಟ ಆಯ್ತು. ಪಿಯಾನೊನೂ ಸೇರಿ. ನಾನೇ ಒಪ್ಪಿದೆ, ಇಲ್ಲಿನ ಬಿಲ್ಲು ಯಾರು ಕಟ್ತಾರೆ? ನಾಳೆ ಏಸಿ ಆರಿಸಿಬಿಡು."

"ಪಾಠ?"

"ಪಿಯಾನೊ ಇಲ್ದೆ ಏನು ಪಾಠ ಮಾಡ್ಲಿ? ಅಡುಗೆ ಕಟ್ಟೆ ಮೇಲೆ ಕುಟ್ತೀಯಾ?"

ಆರ್ಡಿತ್ ಮರುದಿನ ಏಸಿ ಆರಿಸಿ, ಮುಚ್ಚಳ ಹಾಕಿ, ಕಕ್ಕಸಿಗೆ ನೀರು ಬಿಟ್ಟು, ಬೀಗ ಹಾಕಿಕೊಂಡು ಬಂದಳು. ಬಿಸಿಲು ಇಳಿಯುತ್ತಿತ್ತು. ಇನ್ನು ಕೆಲವು ವಾರ ಹಲ್ಲು ಕಚ್ಚಿದ್ದರೆ ಆ ವರ್ಷ ಅವಳ ಗುಟ್ಟು ಉಳಿಯುತ್ತಿತ್ತು, ಮನೆಯೂ ಉಳಿಯುತ್ತಿತ್ತು. ಎರಡು ದಿನ ಸುಮ್ಮನೆ ಕೂತಳು. ಒಂದು ಗಂಟೆಯಾದಾಗ ಬೆರಳುಗಳು ತೊಡೆಯ ಮೇಲೆ ತಾವಾಗಿಯೇ ಓಡಾಡುತ್ತಿದ್ದವು.

ಭಾನುವಾರ ಟ್ರೂಡಿಗೆ ಫೋನ್ ಮಾಡಿ ಮನೆಗೇ ಬಾ ಅಂದಳು. ಬಾಗಿಲು ತೆರೆದದ್ದೇ ಟ್ರೂಡಿ ಹಿಂದಕ್ಕೆ ಸರಿದಳು.

"ದೊಡ್ಡಮ್ಮ! ಇದೇನು ಮನೆನಾ, ಒಲೆನಾ? ಯಾವಾಗಿಂದ?"

"ಜುಲೈಯಿಂದ."

"ಸತ್ತಿದ್ರೆ ಏನು ಗತಿ? ಒಂದು ಮಾತು ಹೇಳ್ಬಾರ್ದಾ?" ಟ್ರೂಡಿಯ ಕಣ್ಣಲ್ಲಿ ನೀರು ಬಂತು.

"ಹೇಳಿದ್ರೆ ಎಳ್ಕೊಂಡು ಹೋಗ್ತಿದ್ದೆ. ಈಗ ನಾನೇ ಕೇಳ್ತಿದೀನಿ. ಆ ಚರ್ಚಿನವರ ಜಾಗ ಇನ್ನೂ ಇದೆಯಾ?"

"ಇದೆ. ಬಾಡಿಗೆ, ಊಟ ಎಲ್ಲಾ ಸೇರಿ..."

"ಅದೆಲ್ಲ ನೀನೇ ನೋಡ್ಕೋ. ಅಲ್ಲಿ ಪಿಯಾನೊ ಇದೆಯಾ?"

ಸೆಕೆ ತಲೆಗೇರಿತೇ ಎಂಬಂತೆ ಟ್ರೂಡಿ ಅವಳ ಮುಖ ನೋಡಿದಳು.

ಸೇರಿದ ದಿನವೇ ಆರ್ಡಿತ್ ಹುಡುಕಿದಳು, ಪಿಯಾನೊ ಇತ್ತು. ಹಾಲಿನ ಮೂಲೆಯಲ್ಲಿ, ಮೇಲೊಂದು ಪ್ಲಾಸ್ಟಿಕ್ ಹೂವಿನ ಕುಂಡ. "ಅದು ಅಲಂಕಾರಕ್ಕೆ ಅಷ್ಟೆ," ಎಂದಳು ಅಲ್ಲಿಯ ಮೇಲ್ವಿಚಾರಕಿ. ಏಸಿ ಯಾರದೋ ಇಷ್ಟದಂತೆ ಕೊರೆಯುತ್ತಿತ್ತು. ಹೊರಗೆ ಮರುಭೂಮಿ ಸುಡುತ್ತಿದ್ದರೆ ಒಳಗೆ ಎಲ್ಲರೂ ಸ್ವೆಟರಿನಲ್ಲಿದ್ದರು. ಊಟದ ಗಂಟೆ ಅವರದು, ಮಾತ್ರೆಯ ಹೊತ್ತು ಅವರದು. ಆರ್ಡಿತ್‌ಳಿಗೆ ತನ್ನ ತಗಡಿನ ಮನೆ ನೆನಪಾಯಿತು. ಹೂವಿನ ಕುಂಡವನ್ನು ಎತ್ತಿ ನೆಲಕ್ಕಿಟ್ಟಳು, ಸ್ವೆಟರಿನ ತೋಳು ಮೇಲೇರಿಸಿದಳು, ಒಂದು ಗಂಟೆಗೆ ಫೋನ್ ಮಾಡಿದಳು.

"ಎಲ್ಲಿದ್ದೀಯ?" ಎಂದಳು ಲವಾನ್.

"ಬೆಂಚಿನ ಮೇಲೆ."

"ಸರಿ. ನೇರ ಕೂತ್ಕೋ. ನುಡಿಸು."

ಆರ್ಡಿತ್ ಹಾಡನ್ನು ಮೊದಲಿನಿಂದ ಕೊನೆಯವರೆಗೆ ನುಡಿಸಿದಳು. ಸೋಫಾದಲ್ಲಿ ತೂಕಡಿಸುತ್ತಿದ್ದ ಮುದುಕನೊಬ್ಬ ನಿದ್ದೆ ಹಾಳಾಯಿತೆಂದು ಗೊಣಗಿದ. ಫೋನಿನಲ್ಲಿ ಬೈಗುಳ ಬರಲೆಂದು ಅವಳು ಕಾದಳು.

"ಪಿಯಾನೊ ಶ್ರುತಿ ತಪ್ಪಿದೆ," ಎಂದಳು ಲವಾನ್. "ನೀನು ತಪ್ಪಿಲ್ಲ. ಇನ್ನೊಂದು ಸಲ."