ಮಸಿ ಮೆತ್ತಿದವನಿಗೆ ಕುರ್ಚಿ

ಬೋಳಾರದ ಸಂಕಪ್ಪಣ್ಣನವರ ಮನೆಯಲ್ಲಿ ಮೊನ್ನೆ ಮಾರ್ನೆಮಿಯ ದಿನ ಇಬ್ಬರು ಅತಿಥಿಗಳಿಗೆ ಕಾಫಿ ಸಿಕ್ಕಿತು. ಒಬ್ಬ ಸುಳ್ಳು ಕೊರಗ. ಇನ್ನೊಬ್ಬರು ನಿಜವಾದ ಕೊರಗರು. ಯಾರ ಲೋಟ ಅಡುಗೆಮನೆಗೆ ಹೋಯಿತು, ಯಾರದ್ದು ತೆಂಗಿನ ಬುಡಕ್ಕೆ ಬಿತ್ತು, ಹೇಳಿ ನೋಡೋಣ?

ಅವಸರ ಬೇಡ. ಮೊದಲಿನಿಂದಲೇ ಹೇಳುತ್ತೇನೆ.

ನಮ್ಮ ಕಚೇರಿಗೆ ಎಂಟು ತಿಂಗಳ ಹಿಂದೆ ಗುರುವಪ್ಪ ಎಂಬ ಹೊಸ ಗುಮಾಸ್ತರು ಬಂದರು. ಅವರ ಟೈಪಿಂಗಿನಲ್ಲಿ ತಪ್ಪು ಹುಡುಕಿದರೂ ಸಿಗದು. (ನನ್ನದರಲ್ಲಿ ಹುಡುಕುವ ಅಗತ್ಯವೇ ಇಲ್ಲ.) ಜಾತಿಯಲ್ಲಿ ಕೊರಗರು. ಬುಟ್ಟಿ ಹೆಣೆದುಕೊಂಡು ಊರ ಹೊರಗಿನ ಕೊಪ್ಪದಲ್ಲೇ ಇರಬೇಕು ಎಂದು ನಾವೆಲ್ಲ ಸೇರಿ ತೀರ್ಮಾನಿಸಿಟ್ಟ ಜನ.

ಕಚೇರಿಯ ನೀರಿನ ಮಡಕೆಯ ಹತ್ತಿರ ಅವರು ಸುಳಿಯುವುದಿಲ್ಲ. ಮನೆಯಿಂದಲೇ ಬಾಟ್ಲಿಯಲ್ಲಿ ನೀರು ತರುತ್ತಾರೆ. ಯಾರಾದರೂ ಬೇಡ ಎಂದರೋ ಎಂದು ಒಮ್ಮೆ ಕೇಳಿದೆ.

“ಯಾರೂ ಎಂತದೂ ಹೇಳ್ಲಿಲ್ಲ ಸಾರ್. ಸುರುವಿಗೆ ಒಂದು ಸಲ ಕುಡಿದೆ. ಮರುದಿನ ಹೊಸ ಮಡಕೆ ಬಂತು.”

ಅಸ್ಪೃಶ್ಯತೆ ಅಪರಾಧ ಎಂಬ ಸರಕಾರದ ಸರ್ಕ್ಯುಲರು ಅದೇ ಮಡಕೆಯ ಮೇಲಿನ ಗೋಡೆಯಲ್ಲಿ ತೂಗುತ್ತಿದೆ. ಓದಲು ನಮಗೆ ಪುರುಸೊತ್ತೆಲ್ಲಿ?

ಗುರುವಪ್ಪನವರ ಕೊಪ್ಪ ಹೊಳೆಯ ಆಚೆ. ದೋಣಿಗೆ ಕಾದು, ಬಸ್ಸಿಗೆ ಕಾದು ಕಚೇರಿಗೆ ಬರುವಾಗ ಕೆಲವೊಮ್ಮೆ ತಡವಾಗುತ್ತದೆ. ಇನ್ನೊಮ್ಮೆ ತಡವಾದರೆ ಕೆಲಸ ಖಾಯಂ ಆಗುವುದಿಲ್ಲ ಎಂದು ಸಾಹೇಬರು ಹೇಳಿಬಿಟ್ಟಿದ್ದಾರೆ. ಪೇಟೆಯಲ್ಲೊಂದು ಕೋಣೆ ಸಿಕ್ಕರೆ ನೌಕರಿ ಉಳಿಯಿತು. ಇಲ್ಲವಾದರೆ ಮತ್ತೆ ಬುಟ್ಟಿ. ಹಾಗಾಗಿ ಅವರ ಜೊತೆ ನಾನೂ ಬಾಡಿಗೆ ಮನೆ ಹುಡುಕಲು ಹೊರಟೆ. ಮೂರು ಕಡೆ ಹೆಸರು ಕೇಳಿದರು, ಊರು ಕೇಳಿದರು, “ಯಾರ ಪೈಕಿ?” ಎಂದು ಜಾತಿ ಕೇಳಿದರು, ಬಾಗಿಲು ಹಾಕಿಕೊಂಡರು.

ನಾಲ್ಕನೆಯದು ಸಂಕಪ್ಪಣ್ಣನವರ ಮನೆ. ನನಗೆ ದೂರದ ನೆಂಟರು.

“ಬನ್ನಿ, ಬನ್ನಿ, ಕೂತುಕೊಳ್ಳಿ” ಎಂದು ಜಗಲಿಯ ಕುರ್ಚಿಯನ್ನು ಅವರೇ ಎಳೆದು ಕೊಟ್ಟರು. ಗುರುವಪ್ಪನವರ ಇಸ್ತ್ರಿ ಹಾಕಿದ ಬಿಳಿ ಶರ್ಟು ನೋಡಿ ಅವರಿಗೆ ಭಾರೀ ಖುಷಿ. “ಗೌರ್ಮೆಂಟ್ ಕೆಲಸದವರಿಗೆ ಕೊಡದೆ ಮತ್ತೆ ಯಾರಿಗೆ ಕೊಡುವುದು ಮಾರಾಯ?” ಎಂದು ನನ್ನ ಬೆನ್ನು ತಟ್ಟಿದರು. ಅವರ ಹೆಂಡತಿ ಗಿರಿಜಕ್ಕ ಕಾಫಿ ತಂದರು.

ಅಷ್ಟರಲ್ಲಿ ಅಂಗಳದಲ್ಲಿ ಡೋಲಿನ ಸದ್ದು. ಮಾರ್ನೆಮಿ, ಅಂದರೆ ನವರಾತ್ರಿ, ನಮ್ಮೂರಿನಲ್ಲಿ ವೇಷಗಳ ಹಬ್ಬ. ಹುಲಿ ಬರುತ್ತದೆ, ಕರಡಿ ಬರುತ್ತದೆ. ಬಂದದ್ದು ಕೊರಗ ವೇಷ. ಮೈಯೆಲ್ಲ ಮಸಿ, ತಲೆಗೆ ಅಡಿಕೆ ಹಾಳೆಯ ಟೊಪ್ಪಿ, ಸೊಂಟಕ್ಕೆ ಸೊಪ್ಪು. ಮಸಿಯ ಒಳಗಿದ್ದದ್ದು ಸಂಕಪ್ಪಣ್ಣನವರ ಅಕ್ಕನ ಮಗ ಸದಾನಂದ, ಬ್ಯಾಂಕಿನ ನೌಕರ. ಮಗನ ಟೈಫಾಯ್ಡ್ ವಾಸಿಯಾದರೆ ಅವನಿಂದ ಈ ವೇಷ ಹಾಕಿಸುತ್ತೇನೆಂದು ತಾಯಿ ದೇವಿಗೆ ಹರಕೆ ಹೇಳಿಕೊಂಡಿದ್ದರಂತೆ.

ಸದಾನಂದ ಕುಣಿದ, ತೊದಲಿದ, ಎಂಜಲೆಲೆ ಹೆಕ್ಕುವಂತೆ ನಟಿಸಿದ. ಗಿರಿಜಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಕೊನೆಗೆ ಅವನು ಗುರುವಪ್ಪನವರ ಪಕ್ಕದ ಕುರ್ಚಿಯಲ್ಲೇ ಕಾಲು ಚಾಚಿ ಕುಳಿತು ಕಾಫಿ ಕುಡಿದ. ಸುಣ್ಣದ ಗೋಡೆಗೆ ಮಸಿ ತಾಗಿತು. “ಇರಲಿ ಬಿಡು, ಹರಕೆಯ ಮಸಿ, ಮನೆಗೆ ಒಳ್ಳೆಯದೇ” ಎಂದರು ಗಿರಿಜಕ್ಕ.

ಗುರುವಪ್ಪ ನಗಲಿಲ್ಲ.

“ಅಂದ ಹಾಗೆ, ನೀವು ಯಾರ ಪೈಕಿ?” ಎಂದು ಸಂಕಪ್ಪಣ್ಣ ಕೇಳಿದರು.

“ಕೊರಗರ ಪೈಕಿ.”

ಸಂಕಪ್ಪಣ್ಣ ಗಹಗಹಿಸಿ ನಕ್ಕರು. “ಭಾರೀ ತಮಾಷೆಯವರು ಮಾರಾಯ್ರೆ ನೀವು! ಅವನದ್ದು ಹರಕೆ. ನಿಮ್ಮದೂ ಹರಕೆಯಾ?”

“ಅಲ್ಲ. ನಾನು ಹುಟ್ಟಿದ್ದೇ ಹಾಗೆ.”

ನಗು ನಿಂತಿತು. ಸಂಕಪ್ಪಣ್ಣ ನನ್ನ ಕಡೆ ತಿರುಗಿದರು. “ಇದನ್ನು ಎಲ್ಲಿಂದ ಕರಕೊಂಡು ಬಂದದ್ದು ನೀನು?”

ಇದನ್ನು! ಒಂದು ನಿಮಿಷದ ಹಿಂದೆ ‘ಮಾರಾಯ್ರೆ’ ಆಗಿದ್ದವರು ಈಗ ‘ಇದು’. ನಮ್ಮ ವ್ಯಾಕರಣಕ್ಕೆ ಎಷ್ಟು ಅವಸರ ನೋಡಿ. ಅಷ್ಟೇ ಅವಸರದಲ್ಲಿ ಕಾಸರಗೋಡಿನಲ್ಲಿ ಒಬ್ಬ ಭಾವ ಹುಟ್ಟಿಕೊಂಡ. ಕೋಣೆಯನ್ನು ಅವನಿಗೆ ಕೊಡುತ್ತೇನೆಂದು ಮೊದಲೇ ಮಾತು ಕೊಟ್ಟಾಗಿತ್ತಂತೆ.

ಗೇಟು ದಾಟಿ ತಿರುಗಿ ನೋಡಿದೆ. (ನೋಡಬಾರದಿತ್ತು.) ಗುರುವಪ್ಪ ಕೂತಿದ್ದ ಕುರ್ಚಿಗೆ ಗಿರಿಜಕ್ಕ ಕೊಡಪಾನದಿಂದ ನೀರು ಸುರಿಯುತ್ತಿದ್ದರು. ಗುರುವಪ್ಪ ಕುಡಿದ ಲೋಟ ತೆಂಗಿನ ಬುಡದಲ್ಲಿ ಬಿದ್ದಿತ್ತು. ಪಕ್ಕದ ಕುರ್ಚಿಯಲ್ಲಿ ಮಸಿ ಹಾಗೆಯೇ ಇತ್ತು.

ದೇವಿಯ ಮುಂದೆ ನಾವು ಎಷ್ಟು ಕೆಳಗಿಳಿಯಬಲ್ಲೆವು ಎಂದು ತೋರಿಸಲು ನಮಗೆ ಸಿಕ್ಕಿದ್ದು ಇನ್ನೊಬ್ಬರ ಹುಟ್ಟೇ? ಇದು ಭಕ್ತಿಯೋ, ಅಪಹಾಸ್ಯವೋ? ಸಂಜೆ ಎಣ್ಣೆ ಹಚ್ಚಿ ಮಿಂದರೆ ಸದಾನಂದನ ವೇಷ ಮುಗಿಯಿತು, ಮರುದಿನ ಬ್ಯಾಂಕಿನಲ್ಲಿ ಅವನಿಗೆ ಎಂದಿನ ಮರ್ಯಾದೆ. ದಿನಾ ಮಿಂದು, ಮಡಿ ಬಟ್ಟೆ ಉಟ್ಟು, ಒಂದು ಕಾಗದದಲ್ಲೂ ತಪ್ಪು ಮಾಡದೆ ದುಡಿಯುವ ಗುರುವಪ್ಪನವರಿಗೆ ತಲೆ ಮೇಲೊಂದು ಸೂರು ಕೊಡುವವರಿಲ್ಲ. ಥೂ!

ದಾರಿಯುದ್ದಕ್ಕೂ ನಾನು ಕೂಗಾಡಿದೆ. ಇಂಥವರನ್ನು ಪೊಲೀಸರಿಗೆ ಒಪ್ಪಿಸಬೇಕು ಎಂದೆ. ಪತ್ರಿಕೆಯಲ್ಲಿ ಬರೆದು ಮಾನ ಹರಾಜು ಹಾಕುತ್ತೇನೆ ಎಂದೆ. ಗುರುವಪ್ಪ ಬಸ್‌ಸ್ಟ್ಯಾಂಡಿನವರೆಗೆ ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಮೆಲ್ಲಗೆ ಕೇಳಿದರು:

“ಒಂದು ಮಾತು ಕೇಳ್ತೇನೆ, ಬೇಜಾರು ಮಾಡ್ಬೇಡಿ ಸಾರ್. ಉರ್ವದಲ್ಲಿ ನಿಮ್ಮ ಮನೆಗೆ ತಾಗಿ ಒಂದು ಕೋಣೆ ಉಂಟಂತೆ. ಅದರಲ್ಲಿ ಈಗ ಯಾರಿದ್ದಾರೆ?”

ಯಾರೂ ಇಲ್ಲ. ತೆಂಗಿನಕಾಯಿ ರಾಶಿ ಹಾಕಿದ್ದೇವೆ.

“ಅಮ್ಮನ ಹತ್ತಿರ ಕೇಳಿ ಹೇಳ್ತೇನೆ” ಎಂದೆ. ಅವರು ತಲೆಯಾಡಿಸಿ ಬಸ್ಸು ಹತ್ತಿದರು. ಈ ಉತ್ತರವನ್ನು ಅವರು ಎಷ್ಟು ಸಲ ಕೇಳಿದ್ದಾರೋ.

ವಾರ ಕಳೆಯಿತು. ಅಮ್ಮನ ಹತ್ತಿರ ನಾನಿನ್ನೂ ಕೇಳಿಲ್ಲ. ಸಂಕಪ್ಪಣ್ಣನವರಿಗೆ ಗುರುವಪ್ಪ ಯಾರೆಂದು ಗೊತ್ತಾದದ್ದು ಆ ದಿನ. ನನಗೆ ಎಂಟು ತಿಂಗಳಿನಿಂದ ಗೊತ್ತು, ಕೋಣೆ ಖಾಲಿ ಇರುವುದೂ ಗೊತ್ತು.

ಈಗ ಹೇಳಿ, ಮಾರ್ನೆಮಿ ಮುಗಿದರೂ ವೇಷ ಕಳಚದೆ ಕೂತವನು ಯಾರು?